ಸ್ಪೀಡ್‌ಮಾಸ್ಟರೋ, ರಿವರ್ಸೋವೋ: ಸಂಗ್ರಹಕ್ಕೆ ಒಂದೇ ಸೇರಬೇಕಾದಾಗ

ಕೈಗಡಿಯಾರ ಸಂಗ್ರಹಿಸುವ ಹವ್ಯಾಸವುಳ್ಳವರಿಗೆ ಒಂದಲ್ಲ ಒಂದು ದಿನ ಎದುರಾಗುವ ಪ್ರಶ್ನೆ ಇದು. ಪೆಟ್ಟಿಗೆಯಲ್ಲಿ ಈಗಾಗಲೇ ಮೂರು ನಾಲ್ಕು ವಾಚುಗಳಿವೆ. ವರ್ಷಗಟ್ಟಲೆ ಕೂಡಿಟ್ಟ ಹಣದಿಂದ ಇನ್ನೊಂದನ್ನು, ಹೌದು ಇನ್ನೊಂದನ್ನು ಮಾತ್ರ, ಕೊಳ್ಳಬಹುದು. ಲಕ್ಷಗಳ ಲೆಕ್ಕದ ಈ ಖರೀದಿಯಲ್ಲಿ ತಪ್ಪಿದರೆ ಮರಳಿ ಮಾರಿ ನಷ್ಟ ಅನುಭವಿಸಬೇಕು. ಇಲ್ಲವೇ ಕಟ್ಟಿಕೊಳ್ಳಲು ಮನಸ್ಸಿಲ್ಲದ ವಾಚನ್ನು ಕಪಾಟಿನಲ್ಲಿಟ್ಟು ನೋಡುತ್ತಿರಬೇಕು.

ಇಂತಹ ಸಂದರ್ಭದಲ್ಲಿ ಮೇಲಿಂದ ಮೇಲೆ ಮುಖಾಮುಖಿಯಾಗುವ ಎರಡು ಹೆಸರುಗಳೆಂದರೆ ಒಮೆಗಾ ಕಂಪನಿಯ ಸ್ಪೀಡ್‌ಮಾಸ್ಟರ್ ಪ್ರೊಫೆಷನಲ್ ಮತ್ತು ಜೇಗರ್-ಲಕುಲ್ಟ್ರ್ ಕಂಪನಿಯ ರಿವರ್ಸೋ. ಎರಡೂ ಸ್ವಿಟ್ಜರ್ಲೆಂಡಿನವು. ಎರಡಕ್ಕೂ ದಿನವೂ ಕೈಯಿಂದ ಕೀ ಕೊಡಬೇಕು. ಉಕ್ಕಿನ ಸಾಮಾನ್ಯ ಮಾದರಿಗಳನ್ನು ಹೋಲಿಸಿದರೆ ಬೆಲೆಯಲ್ಲೂ ಅಜಗಜಾಂತರವಿಲ್ಲ. ಸಾಮ್ಯ ಇಲ್ಲಿಗೆ ಮುಗಿಯಿತು. ಒಂದು ದುಂಡಗಿನದು, ಇನ್ನೊಂದು ಆಯತಾಕಾರದ್ದು. ಒಂದು ಸೆಕೆಂಡಿನ ಭಿನ್ನಾಂಶವನ್ನೂ ಅಳೆಯಹೊರಟದ್ದು, ಇನ್ನೊಂದರ ಕೆಲವು ಮಾದರಿಗಳಲ್ಲಿ ಸೆಕೆಂಡಿನ ಮುಳ್ಳೇ ಇಲ್ಲ.

ಪೋಲೋ ಮೈದಾನದ ಕೂಸು

ರಿವರ್ಸೋದ ಹುಟ್ಟಿಗೆ ಭಾರತದ ನಂಟಿದೆ. ಸ್ವಿಸ್ ವ್ಯಾಪಾರಿ ಸೆಸಾರ್ ದ ಟ್ರೇ 1930-31ರ ಚಳಿಗಾಲದಲ್ಲಿ ಭಾರತಕ್ಕೆ ಬಂದಿದ್ದರು. ಇಲ್ಲಿನ ಬ್ರಿಟಿಷ್ ಸೇನಾಧಿಕಾರಿಗಳಿಗೆ ಪೋಲೋ ಆಟದ ಗೀಳು. ಪಂದ್ಯವೊಂದರಲ್ಲಿ ಗಾಜು ಒಡೆದ ವಾಚನ್ನು ಹಿಡಿದು ಅಧಿಕಾರಿಯೊಬ್ಬ ದೂರಿಕೊಂಡನಂತೆ. ಪೋಲೋ ಕೋಲಿನ ಪೆಟ್ಟಿಗೂ ತಡೆದು ನಿಲ್ಲುವ ವಾಚು ಸಿಗಲಾರದೇ ಎಂಬುದು ಅವನ ಪ್ರಶ್ನೆ. ಸ್ವದೇಶಕ್ಕೆ ಮರಳಿದ ದ ಟ್ರೇ ಈ ಸಮಸ್ಯೆಯನ್ನು ಜಾಕ್-ದಾವಿದ್ ಲಕುಲ್ಟ್ರ್ ಅವರ ಮುಂದಿಟ್ಟರು. ವಿನ್ಯಾಸದ ಹೊಣೆ ಫ್ರಾನ್ಸಿನ ರೆನೆ-ಆಲ್ಫ್ರೆಡ್ ಶೋವೊ ಅವರಿಗೆ ಬಂತು. 1931ರ ಮಾರ್ಚ್ 4ರಂದು ಪ್ಯಾರಿಸ್‌ನಲ್ಲಿ ಹಕ್ಕುಸ್ವಾಮ್ಯದ ಅರ್ಜಿ ಸಲ್ಲಿಕೆಯಾಯಿತು.

ಉಪಾಯ ಸರಳವಾದುದು. ಗಾಜನ್ನು ಗಟ್ಟಿ ಮಾಡುವ ಗೋಜಿಗೇ ಶೋವೊ ಹೋಗಲಿಲ್ಲ. ವಾಚಿನ ಕವಚವನ್ನು ಒಂದು ಚೌಕಟ್ಟಿನೊಳಗೆ ಕೂರಿಸಿ, ಅದು ಪಕ್ಕಕ್ಕೆ ಜಾರಿ ಮಗುಚಿ ಮತ್ತೆ ಕೂರುವಂತೆ ಮಾಡಿದರು. ಆಟಕ್ಕೆ ಇಳಿಯುವ ಮುನ್ನ ಡಯಲನ್ನು ಮಣಿಕಟ್ಟಿನ ಕಡೆಗೆ ತಿರುಗಿಸಿದರೆ ಹೊರಗೆ ಕಾಣುವುದು ಲೋಹದ ಬೆನ್ನು ಮಾತ್ರ. ಪೆಟ್ಟು ಬಿದ್ದರೆ ಅದರ ಮೇಲೆ ಬೀಳುತ್ತದೆ. ಲ್ಯಾಟಿನ್ ಭಾಷೆಯಲ್ಲಿ ರಿವರ್ಸೋ ಎಂದರೆ ‘ನಾನು ತಿರುಗುತ್ತೇನೆ’ ಎಂದೇ ಅರ್ಥ. ಕವಚದ ಮೇಲೂ ಕೆಳಗೂ ಎಳೆದ ಮೂರು ಮೂರು ಗೆರೆಗಳು, ನೇರ ಅಂಚುಗಳು ಆ ಕಾಲದ ಆರ್ಟ್ ಡೆಕೋ ಶೈಲಿಗೆ ಸೇರಿದವು.

ಪೋಲೋ ಆಟಗಾರರಿಗಾಗಿ ಹುಟ್ಟಿದ ವಾಚು ಪೋಲೋ ಆಡದವರ ಕೈಸೇರಿತು. ಕಾರಣ ಅದರ ಖಾಲಿ ಬೆನ್ನು. ಅಲ್ಲಿ ಹೆಸರಿನ ಮೊದಲಕ್ಷರ, ಮನೆತನದ ಲಾಂಛನ, ಪ್ರೀತಿಪಾತ್ರರ ಚಿತ್ರ ಕೆತ್ತಿಸುವ ವಾಡಿಕೆ ಬೆಳೆಯಿತು. 1930ರ ದಶಕದ ಒಂದು ರಿವರ್ಸೋದ ಬೆನ್ನಿನ ಮೇಲೆ ಭಾರತೀಯ ಮಹಿಳೆಯೊಬ್ಬಳ ಮೀನಾಕಾರಿ ಚಿತ್ರವಿದೆ. ಅಮೆರಿಕದ ಸೇನಾನಿ ಡಗ್ಲಾಸ್ ಮೆಕಾರ್ಥರ್ ಅವರ ರಿವರ್ಸೋದಲ್ಲಿ ಅವರ ಹೆಸರಿನ ಅಕ್ಷರಗಳಿವೆ.

ನಂತರದ ಕತೆ ಏಳುಬೀಳಿನದು. ಎರಡನೆಯ ಮಹಾಯುದ್ಧದ ಬಳಿಕ ದುಂಡು ವಾಚುಗಳ ಕಾಲ ಬಂತು. ನೀರು ನುಗ್ಗದ, ಗಾಜು ಸುಲಭಕ್ಕೆ ಒಡೆಯದ ವಾಚುಗಳು ಪೇಟೆಗೆ ಬಂದವು. ಮಗುಚುವ ಕವಚ ಪರಿಹರಿಸಹೊರಟ ಸಮಸ್ಯೆಯೇ ಇಲ್ಲವಾದಾಗ ರಿವರ್ಸೋ ಮೂಲೆಗುಂಪಾಯಿತು. 1972ರಲ್ಲಿ ಇಟಲಿಯ ವ್ಯಾಪಾರಿ ಜಾರ್ಜಿಯೋ ಕೊರ್ವೊ ಕಾರ್ಖಾನೆಯಲ್ಲಿ ಉಳಿದಿದ್ದ ಸುಮಾರು 200 ಖಾಲಿ ಕವಚಗಳನ್ನು ಕೊಂಡು, ಅವಕ್ಕೆ ಯಂತ್ರ ಜೋಡಿಸಿ ಮಾರಾಟಕ್ಕಿಟ್ಟರು. ಅವು ಕೈಗೆ ಕೈ ಮಾರಿಹೋದವು. ಕಂಪನಿಗೆ ಎಚ್ಚರವಾದದ್ದು ಆಗ. 1985ರಲ್ಲಿ ಕವಚವನ್ನು ಪೂರ್ತಿ ಹೊಸದಾಗಿ ರೂಪಿಸಲಾಯಿತು. ಈಗ ಕವಚವೊಂದರಲ್ಲೇ 50ಕ್ಕೂ ಹೆಚ್ಚು ಬಿಡಿಭಾಗಗಳಿವೆ. 1994ರಲ್ಲಿ ಬಂದ ಡುಯೊ ಮಾದರಿಯಲ್ಲಿ ಬೆನ್ನಿಗೂ ಒಂದು ಡಯಲ್ ಬಂತು. ಒಂದೇ ಯಂತ್ರ ಎರಡು ಮುಖಗಳಲ್ಲಿ ಎರಡು ದೇಶಗಳ ಸಮಯ ತೋರಿಸುತ್ತದೆ. ಮಕ್ಕಳು ವಿದೇಶದಲ್ಲಿರುವ ಮನೆಗಳಿಗೆ ಇದು ಬರೀ ಅಲಂಕಾರವಲ್ಲ.

ಚಂದ್ರನಿಗೆ ಹೋದದ್ದು

ಸ್ಪೀಡ್‌ಮಾಸ್ಟರ್ 1957ರಲ್ಲಿ ಪೇಟೆಗೆ ಬಂದಾಗ ಬಾಹ್ಯಾಕಾಶದ ಮಾತೇ ಇರಲಿಲ್ಲ. ಅದು ಕಾರ್ ರೇಸಿಗಾಗಿ ಮಾಡಿದ ಕ್ರೊನೊಗ್ರಾಫ್, ಅಂದರೆ ಸ್ಟಾಪ್‌ವಾಚ್ ಅಡಕವಾಗಿರುವ ಕೈಗಡಿಯಾರ. ಗಾಜಿನ ಸುತ್ತಲ ಬಳೆಯ ಮೇಲೆ ವೇಗದ ಅಳತೆಯ ಅಂಕೆಗಳನ್ನು ಮುದ್ರಿಸಿದ್ದು ಆಗಿನ ಹೊಸತನ. ಒಂದು ಕಿಲೋಮೀಟರ್ ಕಲ್ಲಿನ ಬಳಿ ಗುಂಡಿ ಒತ್ತಿ, ಮುಂದಿನ ಕಲ್ಲಿನ ಬಳಿ ಮತ್ತೆ ಒತ್ತಿದಾಗ 36 ಸೆಕೆಂಡು ಕಳೆದಿದ್ದರೆ ಮುಳ್ಳು 100ನ್ನು ತೋರಿಸುತ್ತದೆ. ವೇಗ ಗಂಟೆಗೆ 100 ಕಿಲೋಮೀಟರ್. ನಮ್ಮ ನಗರಗಳ ಸಂಚಾರ ದಟ್ಟಣೆಯಲ್ಲಿ ಈ ಅಂಕೆಗಳಿಗೆ ಕೆಲಸ ಕಡಿಮೆ: ಮುಳ್ಳಿನ ಮೊದಲ ಸುತ್ತಿನಲ್ಲಿ ಗಂಟೆಗೆ 60 ಕಿಲೋಮೀಟರಿಗಿಂತ ಕೆಳಗಿನ ವೇಗವನ್ನು ಓದಲಾಗದು.

1962ರ ಅಕ್ಟೋಬರಿನಲ್ಲಿ ಗಗನಯಾತ್ರಿ ವಾಲಿ ಶಿರಾ ಸ್ವಂತ ಹಣದಿಂದ ಕೊಂಡ ಸ್ಪೀಡ್‌ಮಾಸ್ಟರನ್ನು ಕಟ್ಟಿಕೊಂಡೇ ಭೂಮಿಯನ್ನು ಸುತ್ತಿ ಬಂದರು. ಯಾತ್ರಿಗಳಿಗೆ ಅಧಿಕೃತವಾಗಿ ಕೊಡಲು ನಾಸಾ ಕೆಲವು ಕಂಪನಿಗಳಿಂದ ವಾಚು ತರಿಸಿ ಬಿಸಿ, ಚಳಿ, ನಿರ್ವಾತ, ತೇವ, ಅದುರು, ಆಘಾತ ಹೀಗೆ 11 ಬಗೆಯ ಪರೀಕ್ಷೆಗೆ ಒಡ್ಡಿತು. ಕೊನೆಗೆ ನಿಂತದ್ದು ಸ್ಪೀಡ್‌ಮಾಸ್ಟರ್ ಒಂದೇ. 1965ರ ಮಾರ್ಚ್ 1ರಂದು ಅದಕ್ಕೆ ಅನುಮೋದನೆ ದೊರೆಯಿತು. ಅದೇ ಜೂನ್ 3ರಂದು ಎಡ್ ವೈಟ್ ನೌಕೆಯಿಂದ ಹೊರಬಂದು ಬಾಹ್ಯಾಕಾಶದಲ್ಲಿ ತೇಲಿದಾಗ ಅವರ ತೋಳಿನ ಮೇಲೆ ಇದ್ದುದೂ ಅದೇ.

1969ರ ಜುಲೈನಲ್ಲಿ ಅಪೋಲೋ 11 ಚಂದ್ರನ ಮೇಲಿಳಿದಾಗ ನೀಲ್ ಆರ್ಮ್‌ಸ್ಟ್ರಾಂಗ್ ತಮ್ಮ ವಾಚನ್ನು ನೌಕೆಯೊಳಗೇ ಬಿಟ್ಟಿದ್ದರು. ಅಲ್ಲಿನ ವಿದ್ಯುನ್ಮಾನ ಗಡಿಯಾರ ಕೆಟ್ಟಿತ್ತು. ಹೀಗಾಗಿ ಚಂದ್ರನೆಲದ ಮೇಲೆ ಮೊದಲು ಕಟ್ಟಲ್ಪಟ್ಟ ವಾಚು ಬಜ್ ಆಲ್ಡ್ರಿನ್ ಅವರದಾಯಿತು. ಆ ವಾಚು ಮುಂದೆ ವಸ್ತುಸಂಗ್ರಹಾಲಯಕ್ಕೆ ಹೋಗುವ ದಾರಿಯಲ್ಲಿ ಕಳೆದುಹೋಯಿತು. 1970ರ ಏಪ್ರಿಲ್‌ನಲ್ಲಿ ಅಪೋಲೋ 13 ಅಪಾಯಕ್ಕೆ ಸಿಲುಕಿದಾಗ, ದಾರಿ ತಿದ್ದಲು ಎಂಜಿನನ್ನು 14 ಸೆಕೆಂಡು ಮಾತ್ರ ಉರಿಸಬೇಕಾಗಿ ಬಂತು. ಜಾಕ್ ಸ್ವೈಗರ್ಟ್ ಆ 14 ಸೆಕೆಂಡುಗಳನ್ನು ಎಣಿಸಿದ್ದು ಕೈಯಲ್ಲಿದ್ದ ಒಮೆಗಾದಿಂದ. ಮೂವರೂ ಜೀವಂತ ಮರಳಿದರು.

ಜಾಹೀರಾತು ಹೇಳದ ಒಂದು ಸಂಗತಿಯೂ ಇದೆ. 1971ರ ಅಪೋಲೋ 15 ಯಾನದಲ್ಲಿ ಡೇವಿಡ್ ಸ್ಕಾಟ್ ಅವರ ಒಮೆಗಾದ ಗಾಜು ಕಳಚಿಬಿತ್ತು. ಚಂದ್ರನ ಮೇಲಿನ ಮೂರನೆಯ ಓಡಾಟಕ್ಕೆ ಅವರು ತಮ್ಮ ಸ್ವಂತದ ಬುಲೋವಾ ವಾಚನ್ನು ಕಟ್ಟಿಕೊಂಡರು. 2015ರಲ್ಲಿ ಆ ಬುಲೋವಾ 16 ಲಕ್ಷ ಡಾಲರಿಗೂ ಹೆಚ್ಚಿಗೆ ಹರಾಜಾಯಿತು. ಸ್ಪೀಡ್‌ಮಾಸ್ಟರಿನ ಕೀರ್ತಿ ಇದರಿಂದ ಕುಂದುವುದಿಲ್ಲ. ಆದರೆ ಚಂದ್ರನ ಮೇಲಿದ್ದುದು ಅದೊಂದೇ ಎಂದು ಅಂಗಡಿಯವರು ಹೇಳಿದರೆ ನಂಬಬೇಕಿಲ್ಲ.

ಕೈಗೆ ಕಟ್ಟಿ ನೋಡಿದಾಗ

ಚರಿತ್ರೆ ಎಷ್ಟೇ ದೊಡ್ಡದಿರಲಿ, ಕಟ್ಟಿಕೊಳ್ಳುವ ಕೈ ಅದಕ್ಕೆ ಒಪ್ಪಬೇಕು. ಸ್ಪೀಡ್‌ಮಾಸ್ಟರಿನ ವ್ಯಾಸ 42 ಮಿ.ಮೀ., ದಪ್ಪ ಸುಮಾರು 13 ಮಿ.ಮೀ. ಹೇಳಿಕೆಗೆ ದೊಡ್ಡದೆನಿಸಿದರೂ ಕವಚದ ಕಿವಿಗಳು ಕೆಳಗೆ ಬಾಗಿರುವುದರಿಂದ ಮಧ್ಯಮ ಗಾತ್ರದ ಕೈಗೆ ಹೊಂದುತ್ತದೆ. ಆದರೆ ಗುಂಡಿ ಹಾಕಿದ ತೋಳಿನ ಅಂಗಿಯೊಳಗೆ ಸುಲಭವಾಗಿ ಜಾರುವುದಿಲ್ಲ. ಟಿ-ಶರ್ಟ್, ಜುಬ್ಬಾ, ಕಚೇರಿಯ ಅಂಗಿ ಯಾವುದರ ಜೊತೆಗೂ ನಡೆಯುತ್ತದೆ. ಬೆಲ್ಟನ್ನು ಚರ್ಮದ್ದಕ್ಕೋ ಬಟ್ಟೆಯದ್ದಕ್ಕೋ ಬದಲಾಯಿಸಿದರೆ ವಾಚಿನ ಸ್ವಭಾವವೇ ಬದಲಾದಂತೆ ಕಾಣುವುದು ಅದರ ಹೆಚ್ಚುಗಾರಿಕೆ.

ರಿವರ್ಸೋದ ಪ್ರಚಲಿತ ಮಧ್ಯಮ ಗಾತ್ರ 45.6 ಮಿ.ಮೀ. ಉದ್ದ, 27.4 ಮಿ.ಮೀ. ಅಗಲ. ಕಾಗದದ ಮೇಲಿನ ಈ ಅಂಕಿಗಳು ದಾರಿ ತಪ್ಪಿಸುತ್ತವೆ. ಉದ್ದ ಹೆಚ್ಚಾದರೂ ಅಗಲ ಕಡಿಮೆಯಾದ್ದರಿಂದ ಕೈಯ ಮೇಲೆ ಸಣ್ಣದಾಗಿಯೇ ಕಾಣುತ್ತದೆ. ತೆಳುವಾದ ಕಾರಣ ತೋಳಿನೊಳಗೆ ಅಡಗುತ್ತದೆ. ದುಂಡು ವಾಚಿಗೇ ಒಗ್ಗಿಹೋದ ಕಣ್ಣಿಗೆ ಮೊದಲ ವಾರ ಇದು ಹೆಂಗಸರ ವಾಚೆಂದು ತೋರಬಹುದು. ಆ ಅನುಮಾನ ಉಳಿದವರು ಒಂದು ವರ್ಷದೊಳಗೆ ಮಾರಿಬಿಡುತ್ತಾರೆ. ಹೋದವರು ಬೇರೆ ವಾಚನ್ನು ಕಟ್ಟುವುದನ್ನೇ ಕಡಿಮೆ ಮಾಡುತ್ತಾರೆ. ಚಿತ್ರ ನೋಡಿ ಕೊಳ್ಳಬಾರದ ವಾಚು ಯಾವುದಾದರೂ ಇದ್ದರೆ ಅದು ರಿವರ್ಸೋ.

ನಮ್ಮ ಹವೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ರಿವರ್ಸೋ ಬಹುಪಾಲು ಚರ್ಮದ ಬೆಲ್ಟಿನೊಂದಿಗೆ ಬರುತ್ತದೆ. ಕರಾವಳಿಯ ಬೆವರಿಗೂ ಮಲೆನಾಡಿನ ಮಳೆಗೂ ಅದು ಬಾಳುವುದು ಕಷ್ಟ. ನೀರು ತಡೆಯುವ ಶಕ್ತಿ 30 ಮೀಟರ್ ಎಂದು ಬರೆದಿದ್ದರೂ ಅದರರ್ಥ ಕೈತೊಳೆಯುವಾಗ ಸಿಡಿಯುವ ಹನಿಗೆ ಭಯವಿಲ್ಲ ಎಂದಷ್ಟೇ, ಈಜಬಹುದೆಂದಲ್ಲ. ಸ್ಪೀಡ್‌ಮಾಸ್ಟರಿಗೆ 50 ಮೀಟರ್. ಅದನ್ನು ಕಟ್ಟಿಕೊಂಡೂ ಈಜುಕೊಳಕ್ಕೆ ಇಳಿಯದಿರುವುದು ಲೇಸು.

ಕೀ ಕೊಡುವ ವಿಚಾರಕ್ಕೆ ಬಂದರೆ, ಬೆಂಗಳೂರಿನ ಎಚ್‌ಎಂಟಿ ವಾಚುಗಳ ಕಾಲದಲ್ಲಿ ಬೆಳೆದವರಿಗೆ ಇದು ಹೊಸತಲ್ಲ. ಬೆಳಿಗ್ಗೆ ಎದ್ದೊಡನೆ ಜನತಾ ವಾಚಿಗೆ ಕೀ ಕೊಟ್ಟು ರೇಡಿಯೋ ವಾರ್ತೆಯ ಸಮಯಕ್ಕೆ ಮುಳ್ಳು ಹೊಂದಿಸುತ್ತಿದ್ದ ತಲೆಮಾರು ಇನ್ನೂ ಇದೆ. ಬ್ಯಾಟರಿ ವಾಚಿನಿಂದ ನೇರವಾಗಿ ಇಲ್ಲಿಗೆ ಬರುವ ಯುವಕರು ಮಾತ್ರ ಈ ದಿನಚರಿ ತಮಗೆ ಒಗ್ಗುವುದೇ ಎಂದು ಮೊದಲೇ ಯೋಚಿಸಬೇಕು.

ಯಂತ್ರ ಮತ್ತು ದುರಸ್ತಿ

2021ರಿಂದ ಸ್ಪೀಡ್‌ಮಾಸ್ಟರಿನಲ್ಲಿರುವುದು 3861 ಹೆಸರಿನ ಯಂತ್ರ. ಪೂರ್ತಿ ಕೀ ಕೊಟ್ಟರೆ 50 ಗಂಟೆ ನಡೆಯುತ್ತದೆ. 15,000 ಗಾಸ್‌ವರೆಗಿನ ಕಾಂತಕ್ಷೇತ್ರವನ್ನು ತಡೆದುಕೊಳ್ಳುತ್ತದೆ. ಮೊಬೈಲು, ಲ್ಯಾಪ್‌ಟಾಪು, ಸ್ಪೀಕರುಗಳ ನಡುವೆ ಬದುಕುವವರಿಗೆ ಈ ಗುಣ ಸಣ್ಣದಲ್ಲ. ವಾಚು ಇದ್ದಕ್ಕಿದ್ದಂತೆ ಮುಂದೋಡುವುದಕ್ಕೆ ಸಾಮಾನ್ಯ ಕಾರಣ ಕಾಂತವೇ. ರಿವರ್ಸೋದ 822 ಯಂತ್ರ 42 ಗಂಟೆ ನಡೆಯುತ್ತದೆ. ಆಯತಾಕಾರದ ಕವಚದಲ್ಲಿ ದುಂಡು ಯಂತ್ರವನ್ನು ತುರುಕದೆ, ಕವಚದ ಆಕಾರಕ್ಕೇ ಯಂತ್ರವನ್ನು ಕಟ್ಟಿರುವುದು ಅದರ ಸೊಗಸು. ಮುಚ್ಚಿದ ಬೆನ್ನಿನ ಹಿಂದಿರುವುದರಿಂದ ಕೊಂಡವನಿಗೂ ಅದು ಕಾಣಸಿಗುವುದಿಲ್ಲ ಎಂಬುದು ಬೇರೆ ಮಾತು.

ಸ್ಪೀಡ್‌ಮಾಸ್ಟರಿನಲ್ಲಿ ಗಾಜಿನದೇ ಒಂದು ಆಯ್ಕೆಯಿದೆ. ಹೆಸಲೈಟ್ ಎಂಬುದು ಒಂದು ಬಗೆಯ ಪ್ಲಾಸ್ಟಿಕ್. ಪೆಟ್ಟು ಬಿದ್ದರೆ ಚೂರುಚೂರಾಗಿ ಸಿಡಿಯುವುದಿಲ್ಲ. ಭಾರವಿಲ್ಲದ ನೌಕೆಯೊಳಗೆ ಗಾಜಿನ ಚೂರು ತೇಲಾಡಿದರೆ ಆಗುವ ಅನಾಹುತವನ್ನು ನೆನೆದರೆ ಅದರ ಮಹತ್ವ ತಿಳಿಯುತ್ತದೆ. ಅದರ ಮೇಲೆ ಗೀರುಗಳು ಬೇಗ ಬೀಳುತ್ತವೆ, ಪಾಲಿಷ್ ಹಚ್ಚಿ ಉಜ್ಜಿದರೆ ಹೋಗುತ್ತವೆ. ಇನ್ನೊಂದು ನೀಲಮಣಿಯ ಗಾಜಿನದು. ಗೀರು ಬೀಳುವುದು ಅಪರೂಪ, ಬೆಲೆ ಹೆಚ್ಚು, ಹಿಂದುಗಡೆಯೂ ಗಾಜಿರುವುದರಿಂದ ಯಂತ್ರ ಕಾಣುತ್ತದೆ. ಚರಿತ್ರೆಗಾಗಿಯೇ ಈ ವಾಚನ್ನು ಕೊಳ್ಳುವವರು ಹೆಸಲೈಟನ್ನು ಬಿಟ್ಟು ಬೇರೆಯದನ್ನು ಆರಿಸುವುದರಲ್ಲಿ ಅರ್ಥವಿಲ್ಲ.

ದುರಸ್ತಿಯಲ್ಲಿ ಕ್ರೊನೊಗ್ರಾಫಿನ ಯಂತ್ರ ಹೆಚ್ಚು ಜಟಿಲ. ಬಿಚ್ಚಿ, ತೊಳೆದು, ಎಣ್ಣೆ ಬಿಟ್ಟು ಜೋಡಿಸಲು ಹೆಚ್ಚು ಶ್ರಮ ಬೇಕು. ಆದರೆ ಹಳೆಯ ಸ್ಪೀಡ್‌ಮಾಸ್ಟರುಗಳನ್ನು ಬಲ್ಲ ಸ್ವತಂತ್ರ ಕುಶಲಕರ್ಮಿಗಳು ಸಿಗುತ್ತಾರೆ. ರಿವರ್ಸೋದ ಯಂತ್ರ ಸರಳವಾದರೂ ಜಾರುವ ಕವಚಕ್ಕೆ ಏನಾದರೂ ಆದರೆ ಕಂಪನಿಯ ಬಾಗಿಲನ್ನೇ ತಟ್ಟಬೇಕು. ಹೊಸ ಒಮೆಗಾಕ್ಕೆ 5 ವರ್ಷದ ಖಾತರಿಯಿದೆ. ಜೇಗರ್-ಲಕುಲ್ಟ್ರ್‌ನಲ್ಲಿ ಹೆಸರು ನೋಂದಾಯಿಸಿದರೆ ಖಾತರಿ 8 ವರ್ಷಕ್ಕೆ ವಿಸ್ತರಿಸುತ್ತದೆ. ನೋಂದಣಿಯನ್ನು ಮರೆಯುವವರೇ ಹೆಚ್ಚು.

ಹಳೆಯದನ್ನು ಕೊಳ್ಳುವವರಿಗೆ

ಹಳೆಯ ವಾಚಿನ ಮೋಹ ದೊಡ್ಡ ಸಂಗ್ರಾಹಕರನ್ನೂ ಹಳ್ಳಕ್ಕೆ ಕೆಡವಿದೆ. 2021ರ ನವೆಂಬರಿನಲ್ಲಿ ಜಿನೀವಾದ ಹರಾಜಿನಲ್ಲಿ 1957ರ ಮೊದಲ ಮಾದರಿಯದೆನ್ನಲಾದ ಒಂದು ಸ್ಪೀಡ್‌ಮಾಸ್ಟರ್ 31 ಲಕ್ಷ ಸ್ವಿಸ್ ಫ್ರಾಂಕಿಗೂ ಹೆಚ್ಚಿನ ಬೆಲೆಗೆ ಹೋಯಿತು. ಹರಾಜಿನವರ ಮುಂಗಡ ಅಂದಾಜು ಇದ್ದುದು 80,000ದಿಂದ 1,20,000 ಫ್ರಾಂಕ್ ಮಾತ್ರ. ಕೊಂಡದ್ದು ಒಮೆಗಾ ಕಂಪನಿಯ ಸ್ವಂತ ವಸ್ತುಸಂಗ್ರಹಾಲಯ. 2023ರಲ್ಲಿ ಹೊರಬಿದ್ದ ಸಂಗತಿಯೆಂದರೆ, ಅದು ಬೇರೆ ಬೇರೆ ವಾಚುಗಳ ಭಾಗಗಳನ್ನು ಕೂಡಿಸಿ ಕಟ್ಟಿದ ವಾಚು. ತನ್ನ ಮಾಜಿ ಉದ್ಯೋಗಿಗಳ ಕೈವಾಡ ಇದರಲ್ಲಿದೆ ಎಂದು ಕಂಪನಿಯೇ ಹೇಳಿತು. ತಯಾರಿಸಿದ ಮನೆಯೇ ಮೋಸ ಹೋಗಬಹುದಾದರೆ ಬಿಡುವಿನ ವೇಳೆ ಅಂತರಜಾಲದಲ್ಲಿ ಚಿತ್ರ ನೋಡಿ ಹಣ ಕಳಿಸುವವರ ಪಾಡೇನು?

ಆದುದರಿಂದ 1960ರ ದಶಕದ ಸ್ಪೀಡ್‌ಮಾಸ್ಟರಿನಲ್ಲಿ ಡಯಲ್, ಮುಳ್ಳುಗಳು, ಅಂಕೆಯ ಬಳೆ, ಯಂತ್ರದ ಸಂಖ್ಯೆ ಎಲ್ಲವೂ ಒಂದೇ ಕಾಲದವೇ ಎಂದು ಬಲ್ಲವರಿಂದ ಬಿಚ್ಚಿಸಿ ನೋಡಿಸದೆ ಹಣ ಕೊಡಬಾರದು. ಚಂದ್ರನ ಮೇಲೆ ಹೋದ ಮೊದಲ ಯಾತ್ರಿಗಳ ವಾಚಿನಲ್ಲಿದ್ದುದು 321 ಯಂತ್ರ. 1968ರಲ್ಲಿ 861 ಬಂತು. ಈ ಒಂದು ಭೇದಕ್ಕೇ ಬೆಲೆ ಬಹಳಷ್ಟು ಏರಿಳಿಯುತ್ತದೆ. ಹಳೆಯ ರಿವರ್ಸೋಗಳಲ್ಲಿ ಕಾಡುವುದು ಬೇರೆ ತೊಂದರೆ: ಡಯಲಿಗೆ ಹೊಸದಾಗಿ ಬಣ್ಣ ಬಳಿದಿರುತ್ತಾರೆ, ಹಲವು ಬಾರಿ ಪಾಲಿಷ್ ಮಾಡಿಸಿ ಆ ಮೂರು ಗೆರೆಗಳ ಅಂಚು ಸವೆದಿರುತ್ತದೆ, ಇನ್ನಾರದೋ ಹೆಸರನ್ನು ಅಳಿಸಲು ಉಜ್ಜಿದ ಬೆನ್ನು ತಗ್ಗಾಗಿರುತ್ತದೆ. ಅಳಿಸದೆ ಉಳಿದ ಹೆಸರೇ ಮೇಲು. ಕನಿಷ್ಠ ಅದು ನಿಜವಾದುದು.

ತೂಕ ಯಾವ ಕಡೆಗೆ

ಮರುಮಾರಾಟದ ಭರವಸೆಯಲ್ಲಿ ಇವೆರಡರಲ್ಲಿ ಯಾವುದನ್ನೂ ಕೊಳ್ಳಬಾರದು. ಅಂಗಡಿಯ ಬೆಲೆಗಿಂತ ಎರಡನೆಯ ಕೈಯ ಬೆಲೆ ಎರಡಕ್ಕೂ ಕಡಿಮೆಯೇ. ಆದರೂ ಸ್ಪೀಡ್‌ಮಾಸ್ಟರಿಗೆ ಗಿರಾಕಿ ಬೇಗ ಸಿಗುತ್ತಾರೆ. ಅದರ ಕತೆ ಎಲ್ಲರಿಗೂ ಗೊತ್ತು. 2022ರಲ್ಲಿ ಸ್ವಾಚ್ ಕಂಪನಿಯೊಡನೆ ಸೇರಿ ಹೊರತಂದ ಅಗ್ಗದ ಮೂನ್‌ಸ್ವಾಚಿಗಾಗಿ ಜಗತ್ತಿನ ಊರೂರುಗಳಲ್ಲಿ ಸರದಿ ನಿಂತ ಜನರನ್ನು ನೋಡಿದರೆ ಆ ಕತೆಯ ಹರಹು ತಿಳಿಯುತ್ತದೆ.

ಸಂಗ್ರಹವೆಂಬುದು ಒಂದಕ್ಕೊಂದು ಪೂರಕವಾಗಿದ್ದರೆ ಚೆನ್ನ. ಪೆಟ್ಟಿಗೆಯಲ್ಲಿ ಈಗಾಗಲೇ ಇರುವುದು ಕಪ್ಪು ಡಯಲಿನ, ಉಕ್ಕಿನ, ದುಂಡು ವಾಚುಗಳಾಗಿದ್ದರೆ ಸ್ಪೀಡ್‌ಮಾಸ್ಟರ್ ಅವುಗಳ ಸಾಲಿಗೆ ಇನ್ನೊಂದಾಗಿ ಸೇರುತ್ತದೆ. ಅಲ್ಲಿ ರಿವರ್ಸೋ ತುಂಬುವ ಜಾಗವನ್ನು ಬೇರಾವುದೂ ತುಂಬದು. ಮೊದಲ ಬಾರಿ ಇಷ್ಟು ಹಣ ಹಾಕುವವರ, ಒಂದೇ ವಾಚನ್ನು ವಾರದ ಏಳು ದಿನವೂ ಕಟ್ಟುವವರ ಮಾತು ಬೇರೆ. ಅವರಿಗೆ ಸ್ಪೀಡ್‌ಮಾಸ್ಟರೇ ಸರಿ. ಪೆಟ್ಟು, ಧೂಳು, ಅವಸರ ಎಲ್ಲವನ್ನೂ ಅದು ಸಹಿಸುತ್ತದೆ.

ಮಗಳಿಗೋ ಮಗನಿಗೋ ಮುಂದೊಂದು ದಿನ ಕೊಡಬೇಕೆಂಬ ಉದ್ದೇಶವಿದ್ದರೆ ತಕ್ಕಡಿ ಮತ್ತೆ ರಿವರ್ಸೋದ ಕಡೆಗೆ ವಾಲುತ್ತದೆ. ಸ್ಪೀಡ್‌ಮಾಸ್ಟರಿನ ಬೆನ್ನಿನ ಮೇಲೆ ನಾಸಾದ ಚರಿತ್ರೆಯನ್ನು ಕಂಪನಿಯೇ ಕೆತ್ತಿ ಕೊಡುತ್ತದೆ. ಅದು ಲಕ್ಷಾಂತರ ಜನರ ಕೈಯಲ್ಲಿರುವ ಅದೇ ಚರಿತ್ರೆ. ರಿವರ್ಸೋದ ಬೆನ್ನು ಖಾಲಿ. ಅಲ್ಲಿ ಒಂದು ಹೆಸರು ಬರೆಸಿದ ದಿನದಿಂದ ಅದು ಆ ಮನೆಯದಾಗುತ್ತದೆ, ಮಾರುಕಟ್ಟೆಯಲ್ಲಿ ಅದರ ಬೆಲೆಯೂ ಅಂದೇ ಇಳಿಯುತ್ತದೆ. ಮಾರುವ ಯೋಚನೆ ಇನ್ನೂ ಮನಸ್ಸಿನ ಮೂಲೆಯಲ್ಲಿದ್ದರೆ ಕೆತ್ತನೆಯನ್ನು ಎರಡು ಮೂರು ವರ್ಷ ಮುಂದೂಡುವುದು ಜಾಣತನ.

ಖರೀದಿಯ ವೇಳೆ ಭಾರತದಲ್ಲಿ ಗಮನಿಸಬೇಕಾದ ಎರಡು ಅಂಶಗಳಿವೆ. 2025ರ ಏಪ್ರಿಲ್ 22ರಿಂದ 10 ಲಕ್ಷ ರೂಪಾಯಿಗಿಂತ ಹೆಚ್ಚು ಬೆಲೆಯ ಕೈಗಡಿಯಾರಗಳ ಮಾರಾಟದ ವೇಳೆ ಶೇ 1ರಷ್ಟು ಆದಾಯ ತೆರಿಗೆಯನ್ನು ಅಂಗಡಿಯಲ್ಲೇ ವಸೂಲು ಮಾಡಲಾಗುತ್ತದೆ. ತೆರಿಗೆ ಲೆಕ್ಕ ಸಲ್ಲಿಸುವಾಗ ಇದನ್ನು ಹೊಂದಿಸಿಕೊಳ್ಳಬಹುದು. ಉಕ್ಕಿನ ಸರಳ ಮಾದರಿಗಳು ಈ ಮಿತಿಯ ಸುತ್ತಮುತ್ತ ಇಲ್ಲವೇ ಕೆಳಗಿದ್ದರೂ ಚಿನ್ನದವು ಸುಲಭವಾಗಿ ಮೀರುತ್ತವೆ. ಎರಡನೆಯದಾಗಿ, ಸ್ವಿಟ್ಜರ್ಲೆಂಡ್ ಸೇರಿದಂತೆ ನಾಲ್ಕು ದೇಶಗಳೊಂದಿಗಿನ ವ್ಯಾಪಾರ ಒಪ್ಪಂದ 2025ರ ಅಕ್ಟೋಬರ್ 1ರಂದು ಜಾರಿಗೆ ಬಂದಿದ್ದು, ಸ್ವಿಸ್ ವಾಚುಗಳ ಮೇಲಿನ ಆಮದು ಸುಂಕ ಹಂತ ಹಂತವಾಗಿ ಇಳಿಯಲಿದೆ. ಅಂಗಡಿಯ ಬೆಲೆಪಟ್ಟಿ ಅದೇ ಪ್ರಮಾಣದಲ್ಲಿ ಇಳಿಯುವುದೆಂದು ನೆಚ್ಚುವಂತಿಲ್ಲ. ಫ್ರಾಂಕಿನ ವಿನಿಮಯ ದರ, ಕಂಪನಿಗಳು ಆಗಾಗ ಮಾಡುವ ಬೆಲೆ ಏರಿಕೆ ಎರಡೂ ನಡುವೆ ಬರುತ್ತವೆ. ವಿದೇಶದಿಂದ ಬರುವ ನೆಂಟರ ಕೈಯಲ್ಲಿ ತರಿಸುವವರು ವಿಮಾನ ನಿಲ್ದಾಣದಲ್ಲಿ ಸುಂಕ ಕಟ್ಟಿದ ರಸೀದಿಯನ್ನು ವಾಚಿನ ಪೆಟ್ಟಿಗೆಯಲ್ಲೇ ಇಟ್ಟಿರಬೇಕು. ಮುಂದೆ ದುರಸ್ತಿಗೆಂದು ಹೊರದೇಶಕ್ಕೆ ಕಳಿಸಿ ತರಿಸಿಕೊಳ್ಳುವ ಪ್ರಸಂಗ ಬಂದರೆ ಮೊದಲು ಕೇಳುವುದು ಆ ಕಾಗದವನ್ನೇ.